ಮಹಾಲಯಕ್ಕೆ ಹುಟ್ಟಿದ ಮರಿ, ಎಳ್ಳಮಾವಾಸ್ಯೆಗೆ ಸೂಜಿ

ಹಸ್ತ ಮಳೆ ಮುಗಿದು ಚಿತ್ತ ಮಳೆ ಶುರುವಾಗೋ ಹೊತ್ತು ರೈತರ ಮನೆಯಲ್ಲಿ ಯಾರಿಗೂ ಕೂರೋಕೆ ಪುರುಸೊತ್ತು ಇರಲ್ಲ. ರಾಗಿ ತೆನೆ ಹಾಲು ತುಂಬ್ತಾ ಇರುತ್ತೆ, ಅಕ್ಕಡಿ ಸಾಲಿನ ಅವರೆ ಹೂವಿಗೆ ಬರುತ್ತೆ, ಆಯುಧಪೂಜೆಗೆ ಅಂತ ಬೆಳೆದ ಸೇವಂತಿಗೆ, ಚೆಂಡು ಹೂವು ರಾತ್ರೋರಾತ್ರಿ ಕೆ.ಆರ್. ಮಾರ್ಕೆಟ್ ಸೇರಬೇಕು. ಮಕ್ಕಳಿಗೆ ದಸರಾ ರಜೆ. ಸರಿಯಾಗಿ ಇದೇ ಹೊತ್ತಿಗೆ ಹುಲ್ಲಿನ ಬಣವೆ ಸಂದಿಯಿಂದ ಕುಂಯ್ ಕುಂಯ್ ಅಂತ ಸದ್ದು ಕೇಳುತ್ತೆ. ನಾಯಿ ಮರಿ ಹಾಕಿದೆ!

ಮಳೆಗಾಲ ಮುಗಿಯುವ ದಿನಗಳಲ್ಲಿ ನಮ್ಮ ಊರುನಾಯಿಗಳು ಮರಿ ಹಾಕೋದು ಜಾಸ್ತಿ. ಬೇಗೂರು ಸುತ್ತ ಈಗ ಲೇಔಟು, ಅಪಾರ್ಟ್‌ಮೆಂಟು ಎದ್ದಿವೆ. ಆದರೂ ಅಲ್ಲಲ್ಲಿ ಕೊಟ್ಟಿಗೆ ಉಳಿದಿದೆ, ಹಸು ಉಳಿದಿದೆ, ಬನ್ನೇರುಘಟ್ಟ, ಜಿಗಣಿ, ಆನೇಕಲ್ ಕಡೆ ಹೋದಂತೆ ರಾಗಿ ಹೊಲವೂ ಸಿಗುತ್ತೆ. ಇಂಥ ಮನೆಗಳಲ್ಲಿ ನಾಯಿ ಸಾಕೋದು ಶೋಕಿಗಲ್ಲ, ಕಾವಲಿಗೆ. ಕಾವಲಿನ ಪ್ರಾಣಿಗೆ ತಟ್ಟೆಯಲ್ಲಿ ಉಳಿದ ಮುದ್ದೆ ಬಿಟ್ಟು ಬೇರೆ ಖರ್ಚು ಯಾಕೆ ಅನ್ನೋ ಮಾತು ಇನ್ನೂ ಇದೆ. ಈ ವಾರದ ಲೇಖನ ಆ ಮಾತಿನ ಬಗ್ಗೆನೇ. ಕೆಲಸ ಜಾಸ್ತಿ ಇರೋ ಈ ಮೂರು ತಿಂಗಳಲ್ಲಿ ಮರಿಗಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಎತ್ತಿಟ್ಟರೆ ಸಾಕು. ಆ ಇಪ್ಪತ್ತು ನಿಮಿಷ ತಪ್ಪಿದರೆ ಅಪಾಯ ನಾಯಿಗಿಂತ ಮೊದಲು ನಿಮ್ಮ ಮಗುವಿಗೆ.

ಅಪಾಯ ಎಷ್ಟು ದೊಡ್ಡದು?

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚು ಕಡಿಮೆ ಯಾರೂ ಬದುಕಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ 100ಕ್ಕೆ 99 ಸಲ ಕಾರಣ ನಾಯಿ. ಕಚ್ಚಿಸಿಕೊಂಡವರಲ್ಲಿ 100ಕ್ಕೆ ಸುಮಾರು 40 ಜನ 15 ವರ್ಷದ ಒಳಗಿನ ಮಕ್ಕಳು. ಲಕ್ಷಣ ಬರೋಕೆ ಮೊದಲು ಚಿಕಿತ್ಸೆ ಸರಿಯಾಗಿ ಆದರೆ ಇದೇ ರೋಗವನ್ನ ಪೂರ್ತಿ ತಡೀಬಹುದು. ಅಂದರೆ ಇಲ್ಲಿ ಕೊಲ್ಲೋದು ರೋಗದಷ್ಟೇ ನಮ್ಮ ತಡ.

"ಪುಟ್ಟ ಮರಿ, ಅದರ ಹಲ್ಲು ತಾಗಿದ್ರೆ ಏನಾಗುತ್ತೆ" ಅನ್ನೋರು ಬಹಳ. ಮರಿಗೂ ರೇಬೀಸ್ ಬರುತ್ತೆ. ರಾತ್ರಿ ಹೊತ್ತು ಬೀದಿಯ ಇನ್ನೊಂದು ನಾಯಿ ಬಣವೆ ಹತ್ತಿರ ಬಂದು ಮರಿಯನ್ನ ಕಚ್ಚಿ ಹೋದರೆ ಮನೆಯವರಿಗೆ ಗೊತ್ತೂ ಆಗಲ್ಲ. ಮರಿಗೆ ಲಸಿಕೆ ಹಾಕಿಸೋ ವಯಸ್ಸು ಬರೋ ತನಕ ಅದಕ್ಕೆ ಪೂರ್ತಿ ರಕ್ಷಣೆ ಇಲ್ಲ ಅಂತಲೇ ತಿಳ್ಕೊಂಡು ನಡೀಬೇಕು.

ಅಜ್ಜಿಯ ಪಂಚಾಂಗ, ನಿಮ್ಮ ಮೊಬೈಲು

ತಾರೀಖು ಮರೆತುಹೋಗುತ್ತೆ, ಹಬ್ಬ ಮರೆಯಲ್ಲ. ಅದಕ್ಕೇ ಲೆಕ್ಕವನ್ನ ಹಬ್ಬಕ್ಕೆ ಕಟ್ಟೋಣ. ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ: ಎರಡು ಎಕರೆ ರಾಗಿ, ಎರಡು ಹಸು, ಗಂಡ ಹೆಂಡತಿ, ಅಜ್ಜಿ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಮಹಾಲಯ ಅಮಾವಾಸ್ಯೆ ದಿನ ಮನೆ ನಾಯಿ ಐದು ಮರಿ ಹಾಕಿತು ಅನ್ನಿ. ಅಲ್ಲಿಂದ ಲೆಕ್ಕ ಹೀಗೆ:

ವಿಜಯದಶಮಿ, ಸುಮಾರು 10ನೇ ದಿನ: ಮರಿಗಳು ಕಣ್ಣು ಬಿಡೋಕೆ ಶುರು. ಹುಟ್ಟಿದಾಗಿನ ತೂಕ ಈ ಹೊತ್ತಿಗೆ ಹೆಚ್ಚು ಕಡಿಮೆ ಎರಡರಷ್ಟಾಗಿರಬೇಕು.

ಸೀಗೆ ಹುಣ್ಣಿಮೆ, 15ನೇ ದಿನ: ಮೊದಲ ಜಂತುಹುಳದ ಔಷಧಿ. ತಾಯಿಗೂ ಅವತ್ತೇ.

ದೀಪಾವಳಿ ಅಮಾವಾಸ್ಯೆ, 30ನೇ ದಿನ: ಎರಡನೇ ಜಂತು ಔಷಧಿ. ಮೆತ್ತಗಿನ ಊಟ ಅಭ್ಯಾಸ ಮಾಡಿಸಿ.

ಕಾರ್ತಿಕ ಹುಣ್ಣಿಮೆ, 45ನೇ ದಿನ: ಮೂರನೇ ಜಂತು ಔಷಧಿ. ಪಾರ್ವೊ, ಡಿಸ್ಟೆಂಪರ್ ತಡೆಯೋ ಮೊದಲ ಲಸಿಕೆಗೆ ಪಶುವೈದ್ಯರ ಹತ್ತಿರ ಹೋಗಿ.

ಕಾರ್ತಿಕದ ಕೊನೆ, 8 ವಾರ: ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯೋ ಹೊತ್ತು. ನಾಲ್ಕನೇ ಜಂತು ಔಷಧಿ. ಮರಿ ಬೇರೆ ಮನೆಗೆ ಹೋಗೋಕೆ ಈಗ ಸಿದ್ಧ, ಇದಕ್ಕೂ ಮೊದಲಲ್ಲ.

ಹೊಸ್ತಿಲ ಹುಣ್ಣಿಮೆ, 10 ವಾರ ಮೀರಿದಾಗ: ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಎರಡನೇ ಡೋಸ್. ಮುಂದಿನ ಡೋಸ್ ದಿನ ವೈದ್ಯರು ಕಾರ್ಡಿನಲ್ಲಿ ಬರೆದದ್ದೇ ಲೆಕ್ಕ. 16 ವಾರ ಆಗೋ ತನಕ ಡೋಸ್ ಇರುತ್ತೆ.

ಎಳ್ಳಮಾವಾಸ್ಯೆ, 12 ವಾರ ಮುಗಿದಾಗ: ರೇಬೀಸ್ ಲಸಿಕೆ. ಇದೇ ಎಲ್ಲಕ್ಕಿಂತ ಮುಖ್ಯ. ಇನ್ನೊಂದು ಡೋಸ್ ಬೇಕಾ ಅಂತ ಅವತ್ತೇ ಕೇಳ್ಕೊಳ್ಳಿ. ಆಮೇಲೆ ವರ್ಷಕ್ಕೆ ಮತ್ತೆ ಹಾಕಿಸಬೇಕು.

ನಿಮ್ಮ ಮನೆ ಮರಿ ಬೇರೆ ದಿನ ಹುಟ್ಟಿದ್ದರೆ ಅಷ್ಟು ದಿನ ಹಿಂದೆ ಮುಂದೆ ಮಾಡ್ಕೊಳ್ಳಿ. ಹುಟ್ಟಿದ ದಿನವೇ ಈ ಏಳು ದಿನಗಳನ್ನೂ ಮೊಬೈಲ್ ಕ್ಯಾಲೆಂಡರ್‌ಗೆ ಹಾಕಿ, ಅಲಾರಂ ಇಡಿ. ಮನೆಯ ವಾಟ್ಸಾಪ್ ಗ್ರೂಪಿಗೂ ಕಳಿಸಿ. ರಾಗಿ ಕಟಾವಿನ ದಿನ ನಿಮಗೆ ನೆನಪಾಗದಿದ್ದರೂ ಇನ್ನೊಬ್ಬರಿಗೆ ನೆನಪಾಗುತ್ತೆ. ಒಂದೊಂದು ಮರಿಯ ಫೋಟೊ ತೆಗೆದು, ಮಚ್ಚೆ ಗುರುತು ನೋಡಿ ಹೆಸರಿಡೋ ಕೆಲಸ ಮಕ್ಕಳಿಗೇ ಬಿಡಿ. ಯಾವ ಮರಿಗೆ ಔಷಧಿ ಆಯ್ತು, ಯಾವುದಕ್ಕೆ ಇಲ್ಲ ಅನ್ನೋ ಗೊಂದಲ ಆಗ ಇರಲ್ಲ. ಜಂತು ಔಷಧಿಯ ಅಳತೆ ಮರಿಯ ತೂಕದ ಮೇಲೆ ಹೋಗುತ್ತೆ. ಅಡುಗೆಮನೆಯದ್ದಲ್ಲದ ಬೇರೆ ತಕ್ಕಡಿಯಲ್ಲಿ ತೂಕ ನೋಡಿ, ಬರ್ಕೊಂಡು, ವೈದ್ಯರಿಗೆ ಹೇಳಿ ಔಷಧಿ ತನ್ನಿ. ಕರುವಿಗೆ ತಂದ ಔಷಧಿಯಲ್ಲಿ ಒಂದು ಚೂರು ಹಾಕಿ ನೋಡೋದು ಬೇಡ.

ತಾಯಿ ನಾಯಿಯ ಲಸಿಕೆ ಮರೀಬೇಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ರೇಬೀಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ ಅದು. ಆ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ನಡೆಯೋದುಂಟು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಯಾವಾಗ ಅಂತ ಮೊದಲೇ ವಿಚಾರಿಸಿ ಇಟ್ಕೊಳ್ಳಿ.

ದಿನದ ಇಪ್ಪತ್ತು ನಿಮಿಷ ಎಲ್ಲಿಂದ ಬರುತ್ತೆ?

ಹಾಲು ಕರೆಯೋ ಹೊತ್ತಿಗೆ ಕಟ್ಟಿಕೊಳ್ಳಿ. ಡೇರಿ ಟೈಮ್ ಯಾವತ್ತೂ ತಪ್ಪಲ್ಲವಲ್ಲ, ಅದರ ಜೊತೆ ಇದೂ ತಪ್ಪಲ್ಲ.

ಬೆಳಿಗ್ಗೆ ಹಾಲು ಕರೆದು ಕ್ಯಾನ್ ಹೊರಗೆ ಹೋದ ಮೇಲೆ ಐದು ನಿಮಿಷ: ಮರಿಗಳನ್ನ ಎಣಿಸಿ. ಐದೂ ಇದೆಯಾ? ಯಾವುದಾದರೂ ತಣ್ಣಗಾಗಿದೆಯಾ, ಒಂಟಿಯಾಗಿ ಬಿದ್ದಿದೆಯಾ, ಭೇದಿ ಆಗಿದೆಯಾ ನೋಡಿ. ಒದ್ದೆಯಾದ ಗೋಣಿಚೀಲ ಬದಲಿಸಿ. ಮೊದಲ ಎರಡು ಮೂರು ವಾರ ಮರಿಗಳಿಗೆ ತಮ್ಮ ಮೈ ಬಿಸಿ ತಾವೇ ಕಾಯ್ಕೊಳ್ಳೋ ಶಕ್ತಿ ಕಡಿಮೆ. ಹಿಂಗಾರು ಮಳೆಯ ಎರಚಲು, ಆಮೇಲಿನ ಚಳಿ, ಎರಡೂ ಅವಕ್ಕೆ ಕುತ್ತು. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಹಲಗೆ ಹಾಕಿ, ಮೇಲೆ ಒಣ ಗೋಣಿಚೀಲ ಹಾಸಿ.

ಮಧ್ಯಾಹ್ನ ಊಟದ ಹೊತ್ತು ಐದು ನಿಮಿಷ: ತಾಯಿಗೆ ನೀರು, ಊಟ. ಹಾಲು ಕುಡಿಸೋ ನಾಯಿಗೆ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ತುಂಬಾ ಬೇಕು. ಬರೀ ಮುದ್ದೆ ಸಾಲಲ್ಲ, ಬೇಯಿಸಿದ ಮೊಟ್ಟೆನೋ, ಮೂಳೆ ತೆಗೆದ ಕೋಳಿಮಾಂಸನೋ ಸೇರಲಿ. ಮಾಂಸ ಮಾಡದ ಮನೆಯಲ್ಲಿ ಬದಲಿಗೆ ಏನು ಕೊಡಬೇಕು ಅಂತ ವೈದ್ಯರನ್ನ ಕೇಳಿ.

ಸಂಜೆ ಹಾಲಿನ ಮೇಲೆ ಹತ್ತು ನಿಮಿಷ: ಇದು ಮಕ್ಕಳ ಹೊತ್ತು, ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ದೀಪಾವಳಿ ಆದ ಮೇಲೆ ಮರಿಗಳಿಗೆ ಊಟ ಅಭ್ಯಾಸ ಮಾಡಿಸೋದೂ ಈ ಹೊತ್ತಿನಲ್ಲೇ. ತೆಳ್ಳಗೆ ಬೇಯಿಸಿದ ರಾಗಿ ಗಂಜಿ ಅಥವಾ ಅನ್ನಕ್ಕೆ ಹಿಚುಕಿದ ಮೊಟ್ಟೆ ಬೆರೆಸಿ, ತಟ್ಟೆಯಲ್ಲಿ ಹರಡಿಕೊಡಿ. ಹಸುವಿನ ಹಾಲು ಜಾಸ್ತಿ ಕೊಟ್ಟರೆ ಮರಿಗೆ ಭೇದಿ ಆಗುತ್ತೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಹಬ್ಬದ ಚಾಕೊಲೇಟು ಯಾವುದೂ ನಾಯಿಗೆ ಆಗಲ್ಲ.

ರಜೆಯಲ್ಲಿ ಮಕ್ಕಳು ಮನೆಯಲ್ಲೇ

ದಸರಾ ರಜೆಯಲ್ಲಿ ಅಪ್ಪ ಅಮ್ಮ ಹೊಲದಲ್ಲಿ, ಅಜ್ಜಿ ಒಲೆ ಮುಂದೆ, ಮಕ್ಕಳು ಬಣವೆ ಹತ್ತಿರ. ಮರಿ ಹಾಕಿದ ತಾಯಿ ಎಷ್ಟೇ ಸಾಧು ಆಗಿದ್ದರೂ ಮೊದಲ ಮೂರು ವಾರ ಅದರ ಸ್ವಭಾವ ಬೇರೆನೇ ಇರುತ್ತೆ. ದಿನಾ ಅನ್ನ ಹಾಕಿದ ಕೈಯನ್ನೂ ಕಚ್ಚಬಹುದು. ಮಕ್ಕಳಿಗೆ ಐದೇ ಮಾತು ಹೇಳಿಕೊಡಿ:

1. ತಾಯಿ ತಿನ್ನುವಾಗ, ಹಾಲು ಕುಡಿಸುವಾಗ ಹತ್ತಿರ ಹೋಗಬಾರದು.
2. ಮರಿಯನ್ನ ನಿಂತುಕೊಂಡು ಎತ್ತಬಾರದು. ನೆಲದ ಮೇಲೆ ಕೂತು ಮಡಿಲಲ್ಲಿ ಇಟ್ಕೋಬೇಕು.
3. ಮುಖಕ್ಕೆ ಮುಖ ತಾಗಿಸಬಾರದು, ತುಟಿ ನೆಕ್ಕಿಸಿಕೊಳ್ಳಬಾರದು.
4. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬಾರದು.
5. ಹಲ್ಲು ತಾಗಲಿ, ಉಗುರು ತಾಗಲಿ, ಆ ಕ್ಷಣವೇ ಮನೆಯಲ್ಲಿ ಹೇಳಬೇಕು. ಹೇಳಿದರೆ ಯಾರೂ ಬೈಯಲ್ಲ.

ನಾಲ್ಕನೇ ಮಾತು ಜಂತುಹುಳಕ್ಕೆ. ಮರಿಗಳ ಹೊಟ್ಟೆಯಲ್ಲಿ ಹುಟ್ಟಿನಿಂದಲೇ ದುಂಡುಹುಳ ಇರೋದು ಮಾಮೂಲು. ಅದರ ಮೊಟ್ಟೆ ಮಲದ ಜೊತೆ ಮಣ್ಣು ಸೇರಿ, ಅಲ್ಲಿಂದ ಮಗುವಿನ ಬಾಯಿ ಸೇರಿದರೆ ಕಣ್ಣಿಗೂ ತೊಂದರೆ ಮಾಡಬಹುದು. ಮರಿಗಳ ಮಲವನ್ನ ದಿನಾ ಎತ್ತಿ ಗುಂಡಿಯಲ್ಲಿ ಮುಚ್ಚಿ.

ಐದನೇ ಮಾತೇ ಜೀವ ಉಳಿಸೋದು. ಮಕ್ಕಳು ಯಾಕೆ ಮುಚ್ಚಿಡ್ತಾರೆ? ಬೈತಾರೆ ಅಂತ, ಮರಿಯನ್ನ ಎಲ್ಲಾದರೂ ಬಿಟ್ಟು ಬರ್ತಾರೆ ಅಂತ, ಸೂಜಿ ಚುಚ್ಚುತ್ತಾರೆ ಅಂತ. ಅಜ್ಜಿಯಂದಿರು ಹೇಳೋ "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ" ಕಥೆ ಮಕ್ಕಳ ಕಿವಿಗೂ ಬಿದ್ದಿರುತ್ತೆ. ಅದು ಹಳೇ ಕಾಲದ ಲಸಿಕೆ. ಭಾರತದಲ್ಲಿ ಅದರ ತಯಾರಿಕೆ 2004ರಲ್ಲೇ ನಿಂತಿದೆ. ಈಗ ಸೂಜಿ ಸಾಮಾನ್ಯವಾಗಿ ತೋಳಿಗೆ. ಈ ಮಾತನ್ನ ಮನೆಯಲ್ಲಿ ಎಲ್ಲರ ಮುಂದೆ ಒಂದು ಸಲ ಜೋರಾಗಿ ಹೇಳಿಬಿಡಿ. "ಹೇಳಿದರೆ ಮರಿಯನ್ನ ಎಲ್ಲೂ ಬಿಡಲ್ಲ" ಅಂತ ಮಾತೂ ಕೊಡಿ. ಐದು ವರ್ಷದ ಒಳಗಿನ ಮಗುವಿಗೆ ಹೇಳೋಕೆ ಬರಲ್ಲ, ಅದನ್ನ ನಾಯಿ ಹತ್ತಿರ ಒಂಟಿಯಾಗಿ ಬಿಡಲೇಬೇಡಿ.

ಹಲ್ಲು ತಾಗಿತು, ಈಗ?

ಮೊದಲು ಗಾಯವನ್ನ ಹರಿಯೋ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ತೊಳೆಯಿರಿ. ಮೊಬೈಲಿನಲ್ಲಿ ಟೈಮರ್ ಇಟ್ಟೇ ತೊಳೆಯಿರಿ, ಸುಮ್ಮನೆ ತೊಳೆದರೆ ಎರಡು ನಿಮಿಷಕ್ಕೇ ಕೈ ಸೋತುಬಿಡುತ್ತೆ. ಸುಣ್ಣ, ಅರಿಶಿನ, ಖಾರದಪುಡಿ, ಕಾಫಿಪುಡಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.

ಆಮೇಲೆ ಅವತ್ತೇ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ವೈದ್ಯರು ಗಾಯವನ್ನ ಮೂರು ದರ್ಜೆಯಲ್ಲಿ ನೋಡ್ತಾರೆ. ಗಾಯ ಇಲ್ಲದ ಚರ್ಮವನ್ನ ನಾಯಿ ನೆಕ್ಕಿದರೆ ತೊಳೆದರೆ ಸಾಕು. ರಕ್ತ ಬರದ ತರಚು, ಹಲ್ಲಿನ ಗೀರು ಇದ್ದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ, ಅಥವಾ ಗಾಯದ ಮೇಲೆ, ತುಟಿ ಕಣ್ಣಿನ ಮೇಲೆ ಜೊಲ್ಲು ಬಿದ್ದಿದ್ದರೆ ಲಸಿಕೆ ಜೊತೆ ಗಾಯದೊಳಗೆ ಹಾಕೋ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಅದು ಎಲ್ಲ ಕಡೆ ಇರಲ್ಲ, ಹೊರಡೋಕೆ ಮೊದಲು ಫೋನ್ ಮಾಡಿ ಕೇಳಿ.

ಚರ್ಮದ ಪದರಕ್ಕೆ ಹಾಕೋ ಲಸಿಕೆ ಆದರೆ ದಿನ 0, 3, 7, 28. ಸ್ನಾಯುವಿಗೆ ಹಾಕೋದಾದರೆ 0, 3, 7, 14, 28. ಕೊನೆಯ ಡೋಸ್ ತಪ್ಪೋದೇ ಜಾಸ್ತಿ, ಯಾಕೆಂದರೆ ಅಷ್ಟರಲ್ಲಿ ಗಾಯ ಮಾಯ್ದಿರುತ್ತೆ, ಹೊಲದಲ್ಲಿ ರಾಗಿ ಕೊಯ್ಲು ನಡೀತಿರುತ್ತೆ. ಆ ದಿನಕ್ಕೂ ಅಲಾರಂ ಇಡಿ. ಕಚ್ಚಿದ ನಾಯಿಯನ್ನ ಹತ್ತು ದಿನ ಗಮನಿಸಬೇಕು ನಿಜ. ಆದರೆ ಹತ್ತು ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಅನ್ನೋದು ತಪ್ಪು. ಸೂಜಿ ಇವತ್ತೇ ಶುರುವಾಗಬೇಕು.

ಕೊಟ್ಟಿಗೆ ಬೇರೆ, ಮರಿಗಳ ಜಾಗ ಬೇರೆ

ಹುಲ್ಲಿನ ಬಣವೆ ಬೆಚ್ಚಗಿರುತ್ತೆ, ತಾಯಿ ನಾಯಿ ಅಲ್ಲೇ ಮರಿ ಹಾಕೋದು ಸಹಜ. ಆದರೆ ನಾಯಿ ಮಲ ಬಿದ್ದ ಹುಲ್ಲನ್ನ ಹಸು ತಿಂದರೆ ಕೆಲವು ರೋಗಾಣುಗಳು ಹಸುವಿಗೆ ದಾಟುತ್ತವೆ. ನಿಯೋಸ್ಪೋರಾ ಅನ್ನೋದು ಅದರಲ್ಲಿ ಒಂದು, ಗಬ್ಬದ ಹಸು ಕಂದು ಹಾಕೋಕೆ ಅದು ಕಾರಣ ಆಗುತ್ತೆ. ಎರಡು ಮೂರು ದಿನದಲ್ಲಿ, ತಾಯಿ ಊಟಕ್ಕೆ ಎದ್ದಾಗ, ಮರಿಗಳನ್ನ ಕೊಟ್ಟಿಗೆಯಿಂದ ದೂರದ ಒಣ ಮೂಲೆಗೆ ಸಾಗಿಸಿ, ತಾಯಿಗೂ ಆ ಜಾಗ ತೋರಿಸಿ. ಹಸು ಕರು ಹಾಕಿದಾಗ ಬೀಳೋ ಸತ್ತೆಯನ್ನ ನಾಯಿಗೆ ಬಿಡಬೇಡಿ, ಆಳವಾಗಿ ಹೂಳಿ. ಈ ರೋಗ ಹಸುವಿನಿಂದ ನಾಯಿಗೆ ಹೋಗೋ ದಾರಿ ಅದೇ.

ದನದ ಉಣ್ಣೆಗೆ ಅಂತ ತಂದ ಔಷಧಿಯನ್ನ ಮರಿಗಳ ಮೈಗೆ ಬಳೀಬೇಡಿ, ಅದು ವಿಷ ಆಗಬಹುದು. ಕಣದಲ್ಲಿ ಇಲಿ ಪಾಷಾಣ ಇಡೋರು ಮರಿಗಳ ಮೂಗು ಎಲ್ಲಿಯವರೆಗೆ ಹೋಗುತ್ತೆ ನೋಡಿ ಇಡಿ. ಟ್ರಾಕ್ಟರು, ಗೂಡ್ಸ್ ಗಾಡಿ ಸ್ಟಾರ್ಟ್ ಮಾಡೋಕೆ ಮೊದಲು ಚಕ್ರದ ಕೆಳಗೆ ಬಗ್ಗಿ ನೋಡೋ ಅಭ್ಯಾಸ ಇರಲಿ. ಬಿಸಿಲಿಗೆ ಮರಿಗಳು ನೆರಳು ಹುಡುಕಿ ಅಲ್ಲೇ ಮಲಗಿರ್ತವೆ.

ಇನ್ನೊಂದು ಮಾತು ಹಾಲು ಮಾಡೋರಿಗೆ. ಹಸು ಜೊಲ್ಲು ಸುರಿಸ್ತಾ, ಮೇವು ನುಂಗೋಕೆ ಆಗದೆ, ವಿಚಿತ್ರವಾಗಿ ಕೂಗ್ತಾ ಇದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ರೇಬೀಸ್ ಬಂದ ಹಸುವೂ ಹೀಗೇ ಆಡುತ್ತೆ. 1962ಕ್ಕೆ ಕರೆ ಮಾಡಿ, ಪಶುಸಂಜೀವಿನಿ ಗಾಡಿಯ ವೈದ್ಯರು ಬಂದು ನೋಡೋ ತನಕ ದೂರ ಇರಿ. ಹಸುವನ್ನೇ ನಾಯಿ ಕಚ್ಚಿದ್ದು ಕಂಡರೆ, ಕೈಗೆ ಗ್ಲೌಸ್ ಹಾಕಿ ಆ ಗಾಯವನ್ನೂ ಸೋಪಿನಲ್ಲಿ ತೊಳೆದು ಅವತ್ತೇ ವೈದ್ಯರಿಗೆ ಹೇಳಿ. ಹಸುವಿಗೂ ಕಚ್ಚಿದ ಮೇಲಿನ ಲಸಿಕೆ ಇದೆ.

ಪಟಾಕಿಯ ಮೂರು ರಾತ್ರಿ

ದೀಪಾವಳಿಗೆ ಮರಿಗಳಿಗೆ ಒಂದು ತಿಂಗಳು. ಸದ್ದಿಗೆ ಬೆದರಿದ ತಾಯಿ ಮರಿ ಬಿಟ್ಟು ಓಡಿ ಬೇಗೂರು ರಸ್ತೆಯಂಥ ಗಾಡಿ ಓಡಾಟದ ರಸ್ತೆಗೆ ಬಿದ್ದರೆ ಗತಿ ಏನು? ಕತ್ತಲಾಗೋಕೆ ಮೊದಲೇ ಊಟ ಹಾಕಿ, ತಾಯಿ ಮರಿ ಎಲ್ಲವನ್ನೂ ಒಂದು ಕೋಣೆಗೋ ಷೆಡ್ಡಿಗೋ ಸೇರಿಸಿ, ನೀರಿಟ್ಟು, ಬಾಗಿಲು ಎಳೆಯಿರಿ. ಹಸುಗಳೂ ಅದೇ ಸದ್ದಿಗೆ ಹೆದರಿ ಹಾಲು ಕಡಿಮೆ ಮಾಡ್ತವೆ, ಹಾಗಾಗಿ ಕೊಟ್ಟಿಗೆ ಕಡೆ ಪಟಾಕಿ ಹಚ್ಚೋದೇ ಬೇಡ ಅಂತ ಮಕ್ಕಳಿಗೆ ಹೇಳಿ.

ಕೆರೆ ಏರಿ ಮೇಲೆ ಬಿಡಬೇಡಿ

ಐದು ಮರಿಯಲ್ಲಿ ಗಂಡು ಮರಿಗಳನ್ನ ಯಾರಾದರೂ ಕೇಳ್ಕೊಂಡು ಬರ್ತಾರೆ. ಹೆಣ್ಣು ಮರಿಗಳನ್ನ ರಾತ್ರಿ ಚೀಲದಲ್ಲಿ ಹಾಕ್ಕೊಂಡು ಹೋಗಿ ಕೆರೆ ಏರಿ ಮೇಲೋ, ಲೇಔಟಿನ ಖಾಲಿ ಸೈಟಿನಲ್ಲೋ ಬಿಟ್ಟು ಬರೋದು ಎಷ್ಟೋ ಊರಿನಲ್ಲಿ ನಡೀತಿದೆ. ಬದುಕಿದ ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತೆ. ಲಸಿಕೆ ಇಲ್ಲದ ಆ ಗುಂಪೇ ನಾಳೆ ನಿಮ್ಮ ಮಗು ಸ್ಕೂಲಿಗೆ ನಡೆಯೋ ದಾರಿಯಲ್ಲಿ ಇರುತ್ತೆ.

ಬದಲಿಗೆ ಹೀಗೆ ಮಾಡಿ. ಆರು ವಾರಕ್ಕೇ ಒಳ್ಳೆ ಫೋಟೊ ತೆಗೆದು, ಮೊದಲ ಲಸಿಕೆ ಕಾರ್ಡಿನ ಫೋಟೊ ಸೇರಿಸಿ, ಪರಿಚಯದವರ ಗ್ರೂಪಿಗೆ ಹಾಕಿ. ಅಕ್ಷಯನಗರ, ಹುಳಿಮಾವು ಕಡೆ ನಿಮ್ಮ ಹಾಲು, ಸೊಪ್ಪು ತಗೊಳ್ಳೋ ಮನೆಗಳಿದ್ದರೆ ಅವರನ್ನೂ ಕೇಳಿ. ಲಸಿಕೆ ಕಾರ್ಡು ಇರೋ ಊರುನಾಯಿ ಮರಿಯನ್ನ ಅಪಾರ್ಟ್‌ಮೆಂಟಿನವರೂ ಸಾಕ್ತಾರೆ. ಕೊಡೋವಾಗ ಕಾರ್ಡು ಕೊಟ್ಟು, ರೇಬೀಸ್ ಲಸಿಕೆ ಯಾವತ್ತು ಹಾಕಿಸಬೇಕು ಅಂತ ಹೇಳಿ ಕಳಿಸಿ. ಎಳ್ಳಮಾವಾಸ್ಯೆ ದಿನ ಒಂದು ಮೆಸೇಜೂ ಹಾಕಿ.

ತಾಯಿಗೆ, ಮರಿಗಳು ಹಾಲು ಬಿಟ್ಟು ಮೊಲೆ ಇಂಗಿದ ಮೇಲೆ, ಸಂತಾನಹರಣ ಆಪರೇಷನ್ ಮಾಡಿಸಿ. ಪಶು ಆಸ್ಪತ್ರೆಯಲ್ಲಿ ದಿನ ಕೇಳ್ಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಆಪರೇಷನ್ ಆದ ನಾಯಿ ಕಾವಲು ಕಾಯೋದು ಬಿಡುತ್ತೆ ಅನ್ನೋದು ಸುಳ್ಳು. ಬೆದೆಗೆ ಬಂದು ಊರೆಲ್ಲ ಅಲೆಯೋದು ತಪ್ಪುತ್ತೆ, ಮನೆ ಹತ್ತಿರವೇ ಇರುತ್ತೆ.

ನಾಯಿಗೂ ಕಲ್ಲು ನೆಟ್ಟ ನಾಡು

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಕಾಲದ ಶಾಸನ ಇದೆ. 'ಬೆಂಗಳೂರು' ಅನ್ನೋ ಹೆಸರು ಕಾಣೋ ಹಳೆಯ ಕಲ್ಲು ಅಂತ ಎಲ್ಲರಿಗೂ ಗೊತ್ತು. ಅದರಲ್ಲಿರೋದು ಬೆಂಗಳೂರು ಕಾಳಗದ ಮಾತು, ಅಲ್ಲಿ ಸತ್ತವರ ನೆನಪು. ಅದೇ ಗಂಗರ ಕಾಲದ, ಅರವತ್ತು ವರ್ಷ ಈಚಿನ ಇನ್ನೊಂದು ಕಲ್ಲು ಮದ್ದೂರು ತಾಲ್ಲೂಕಿನ ಆತಕೂರಿನದು. ಹಂದಿ ಬೇಟೆಯಲ್ಲಿ ಕಾಡುಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಅನ್ನೋ ನಾಯಿಗೆ ಅದರ ಒಡೆಯ ಮಣಲೇರ ನೆಡಿಸಿದ ವೀರಗಲ್ಲು ಅದು. ಈಗ ಬೆಂಗಳೂರಿನ ಕಸ್ತೂರ ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ರಜೆಯಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ. ಮನೆ, ಕಣ, ಕೊಟ್ಟಿಗೆ ಕಾಯೋ ನಮ್ಮ ನಾಯಿಗೆ ಕಲ್ಲು ಬೇಕಿಲ್ಲ, ಒಂದು ಲಸಿಕೆ ಕಾರ್ಡು ಸಾಕು.

ಇವತ್ತು ಸಂಜೆಯೇ ಮಾಡೋ ಕೆಲಸ

ಮರಿ ಹುಟ್ಟಿದ ದಿನದಿಂದ ಎಣಿಸಿ ಏಳು ದಿನಗಳಿಗೆ ಅಲಾರಂ ಇಡಿ. ತಾಯಿ ನಾಯಿಗೆ ಕೊನೆಯ ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದು ಅಂತ ಮನೆಯಲ್ಲಿ ಕೇಳಿ, ಯಾರಿಗೂ ನೆನಪಿಲ್ಲ ಅಂದರೆ ಹಾಕಿಸಿಲ್ಲ ಅಂತಲೇ ಅರ್ಥ. ಹತ್ತಿರದ ಪಶು ಆಸ್ಪತ್ರೆ ಮತ್ತು ಸರ್ಕಾರಿ ಆಸ್ಪತ್ರೆ ಎರಡರ ನಂಬರೂ ಮೊಬೈಲಿನಲ್ಲಿ ಸೇವ್ ಮಾಡಿ. ಕೊಟ್ಟಿಗೆ ನಲ್ಲಿಯ ಪಕ್ಕ ಒಂದು ಸೋಪು ಕಟ್ಟಿ ನೇತುಹಾಕಿ. ಆಮೇಲೆ ಮಕ್ಕಳನ್ನ ಕೂರಿಸಿಕೊಂಡು ಐದನೇ ಮಾತನ್ನ ಇನ್ನೊಂದು ಸಲ ಹೇಳಿಸಿ: ಹಲ್ಲು ತಾಗಲಿ, ಉಗುರು ತಾಗಲಿ, ಆ ಕ್ಷಣವೇ ಹೇಳಬೇಕು.